ಕಿವಿ ಮಂದವಾದ ಹಿರಿಯರ ಜೊತೆ ಮಾತು: ಆಶಾ ತರಬೇತಿಯಲ್ಲಿ ಏನು ಹೇಳಿಕೊಡೋಣ?

ಪ್ರಶ್ನೆ: ಹೊಸನಗರ ಕಡೆ ನರ್ಸ್ ಆಗಿದ್ದೇನೆ. ವಯಸ್ಸಾದವರ ಕಿವಿ ಮತ್ತು ಅವರ ಜೊತೆ ಮಾತಾಡುವ ಬಗ್ಗೆ ನಮ್ಮ ಆಶಾ ಕಾರ್ಯಕರ್ತೆಯರಿಗೆ ಅರ್ಧ ದಿನದ ತರಬೇತಿ ಕೊಡಬೇಕು. ಭಾಷಣ ಬೇಡ, ಮನೆ ಭೇಟಿಗೆ ಉಪಯೋಗ ಆಗುವಂಥದ್ದು ಬೇಕು. ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿಯಿಂದ, ತರಬೇತುದಾರರು:
ಸಿಸ್ಟರ್, ಮೊದಲು ಕೂಗುವುದನ್ನು ಬಿಡಿಸಿ. ವಯಸ್ಸಾದಂತೆ ಸ, ಶ, ತ, ಕ ಇಂಥ ತೆಳು ಸದ್ದುಗಳು ಮೊದಲು ಹೋಗುತ್ತವೆ. ಕಾಲು, ಸಾಲು, ಹಾಲು ಎಲ್ಲ ಒಂದೇ ಥರ ಕೇಳುತ್ತವೆ. "ದನಿ ಕೇಳ್ತದೆ, ಎಂತ ಹೇಳಿದ್ದು ಅಂತ ಗೊತ್ತಾಗಲ್ಲ" ಅಂತ ಅಜ್ಜಿಯರು ಹೇಳುವುದು ಅದಕ್ಕೇ. ಕೂಗಿದರೆ ಮಾತು ಇನ್ನೂ ಕಲಸಿಹೋಗುತ್ತದೆ, ಬೈದ ಹಾಗೂ ಆಗುತ್ತದೆ.

ನಮ್ಮ ಮನೆಗಳ ಒಳಗೆ ಬೆಳಕು ಕಡಿಮೆ ಅಲ್ವಾ? ಬಾಗಿಲಿಗೆ ಬೆನ್ನು ಹಾಕಿ ಕೂತರೆ ತುಟಿ ಕಾಣುವುದಿಲ್ಲ. ಬೆಳಕು ಆಶಾ ಮುಖದ ಮೇಲೆ ಬೀಳಬೇಕು. ಜೋರು ಮಳೆಯಲ್ಲಿ ಶೀಟಿನ ಮಾಡಿನ ಕೆಳಗೆ ಮಾತ್ರೆ ವಿಷಯ ಹೇಳಿ ಪ್ರಯೋಜನವಿಲ್ಲ. ಅಡಿಕೆ ಸುಲಿಯುವ ಮಿಷನ್ ಓಡುತ್ತಿದ್ದರೂ ಅಷ್ಟೇ.

ಜೋಡಿ ಮಾಡಿ ಅಭ್ಯಾಸ ಮಾಡಿಸಿ. ಒಬ್ಬರು ಕಿವಿಗೆ ಫೋಮ್ ಬಿರಡೆ ಹಾಕಿಕೊಳ್ಳಲಿ, ಮೊಬೈಲಿನಲ್ಲಿ ಮಳೆ ಸದ್ದು ಇಡಿ. ಇನ್ನೊಬ್ಬರು ಮಂಗನ ಕಾಯಿಲೆ ಬಗ್ಗೆ ಹೇಳಲಿ: ಕಾಡಿಗೆ ಹೋಗುವ ಮೊದಲು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಜ್ವರ ಬಂದರೆ ತಕ್ಷಣ ತಿಳಿಸುವುದು. ಕೊನೆಗೆ "ಗೊತ್ತಾಯ್ತಾ?" ಅಂತ ಕೇಳಲೇಬಾರದು. ಕೇಳದಿದ್ದವರೂ ಹೂಂ ಅಂತಾರೆ. "ಎಣ್ಣೆ ಯಾವಾಗ ಹಚ್ಕೊಳ್ತೀರಿ ಅಜ್ಜಯ್ಯ?" ಅಂತ ಕೇಳಿ, ಅವರ ಬಾಯಲ್ಲೇ ಬರಿಸಬೇಕು. ಅರ್ಧ ದಿನದಲ್ಲಿ ಇದೊಂದು ರೂಢಿಯಾದರೂ ನನಗೆ ಸಮಾಧಾನ.

ಸಾಗರದಿಂದ, ಸಮುದಾಯ ಆರೋಗ್ಯ ಅಧಿಕಾರಿ:
ಮೇಲಿನವರು ಹೇಳಿದ್ದು ಸರಿ. ಸರ್ವೆಯಲ್ಲಿ "ಕಿವಿ ಕೇಳ್ತದಾ?" ಅಂದರೆ ಹಿರಿಯರು ಕೇಳ್ತದೆ ಅಂತಲೇ ಹೇಳುತ್ತಾರೆ. ಮನೆಯವರನ್ನೂ ವಿಚಾರಿಸಿ. ಟಿವಿ ಸದ್ದು ಜಾಸ್ತಿ ಇಡ್ತಾರಾ? ಫೋನ್ ಎತ್ತೋದು, ಮದುವೆ ಮನೆಗೆ ಹೋಗೋದು ಬಿಟ್ಟಿದ್ದಾರಾ? ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 60 ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ತೊಂದರೆ ಕೊಡುವಷ್ಟು ಕಿವುಡು ಇದೆ. ಕೆಲವರದ್ದು ಬರೀ ಗಟ್ಟಿಯಾದ ಗುಗ್ಗೆ, ಆಸ್ಪತ್ರೆಯಲ್ಲಿ ತೆಗೆಸಿದರೆ ಸರಿಹೋಗುತ್ತದೆ. ಪಿನ್ನು, ಬಿಸಿ ಎಣ್ಣೆ ಬೇಡವೇ ಬೇಡ. ಇದ್ದಕ್ಕಿದ್ದಂತೆ ಒಂದು ಕಿವಿ ಹೋದರೆ ಅದೇ ದಿನ ಡಾಕ್ಟರ ಹತ್ತಿರ ಕಳಿಸಬೇಕು. ಮೊದಲ ಕೆಲವು ದಿನದಲ್ಲೇ ಚಿಕಿತ್ಸೆ ಆಗಬೇಕು.

ಶಿವಮೊಗ್ಗದಿಂದ, ಒಬ್ಬ ಸೊಸೆ:
ಕಿವಿ ಮಿಷನ್ ಬಗ್ಗೆಯೂ ಹೇಳಿಕೊಡಿ ಅಕ್ಕ. ನಮ್ಮ ಮಾವನಿಗೆ ಹಾಕಿದ ಹೊಸದರಲ್ಲಿ ಪಾತ್ರೆ ಸದ್ದೇ ತಲೆ ತಿನ್ನುತ್ತಿತ್ತು, ತೆಗೆದಿಟ್ಟುಬಿಟ್ಟರು. ಮೊದಮೊದಲು ಮನೆ ಶಾಂತವಾಗಿದ್ದಾಗ ಸ್ವಲ್ಪ ಹೊತ್ತು ಹಾಕಿ, ನಿಧಾನ ಜಾಸ್ತಿ ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಮಿಷನ್ ಬೇಗ ಕೆಡುತ್ತದೆ. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ಆಶಾ ಬಂದಾಗ "ಮಿಷನ್ ಎಲ್ಲಿ, ತೋರಿಸಿ" ಅಂತ ಒಂದು ಮಾತು ಕೇಳಿದರೂ ಸಾಕು, ಎಷ್ಟೋ ಮಿಷನ್ ಬೀರುವಿನಿಂದ ಹೊರಗೆ ಬರುತ್ತವೆ.