‘ಮತ್ಸ್ಯಕ್ಷಾಮ’ ಎಂಬ ಒಂದೇ ಮಾತು ಸಾಕೆ? ‘ಅಪ್‌ವೆಲ್ಲಿಂಗ್’ಗೆ ‘ತೂಫಾನ್’ ಆದೀತೆ?

ಗೆಳೆಯರೆ, ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಅರಬ್ಬಿ ಸಮುದ್ರದ ಬಗ್ಗೆ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಕಡಲು ಬಿಸಿಯಾದರೆ ಮೀನಿಗೆ ಏನಾಗುತ್ತದೆ ಎಂಬ ಅಧ್ಯಾಯಕ್ಕೆ ಬಂದು ನಿಂತುಬಿಟ್ಟಿದ್ದೇನೆ. ವಿಷಯ ತಿಳಿಯದೆ ಅಲ್ಲ, ಮಾತು ಸಾಲದೆ.

ಮೊದಲನೆಯದು ‘ಮತ್ಸ್ಯಕ್ಷಾಮ’. ಕರಾವಳಿಯ ಪತ್ರಿಕೆ ಓದುವವರಿಗೆ ಇದು ಚಿರಪರಿಚಿತ ತಲೆಬರಹ. ಕ್ಷಾಮ ಎಂದರೆ ನಮಗೆ ಬರ, ಅಭಾವ. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಸುಟ್ಟು ಒಣಗಿದ, ಸೊರಗಿದ ಎಂಬ ಅರ್ಥವಿದೆ. ಬರ ಎಂದೊಡನೆ ಮಳೆ ಕೈಕೊಟ್ಟಿತು, ಮನುಷ್ಯ ಏನು ಮಾಡಿಯಾನು ಎಂಬ ಭಾವವೂ ಜೊತೆಗೇ ಬರುತ್ತದೆ. ನನ್ನ ತಕರಾರು ಇರುವುದು ಅಲ್ಲೇ. ಮೀನು ಬಲೆಗೆ ಬೀಳದಿರುವುದಕ್ಕೆ ಬೇರೆ ಬೇರೆ ಕಾರಣಗಳಿದ್ದರೂ ಎಲ್ಲಕ್ಕೂ ಈ ಒಂದೇ ಹೆಸರು.

ಬೂತಾಯಿಯನ್ನೇ ನೋಡಿ. ಉತ್ತರ ಕನ್ನಡದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ. ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ಈ ಮೀನು 2021ರಲ್ಲಿ ಸಿಕ್ಕಿದ್ದು ಬರೀ 3,297 ಟನ್. ಇದನ್ನು ಕ್ಷಾಮ ಎನ್ನೋಣ, ಒಪ್ಪಿದೆ. ಆದರೆ ಇದೇ ಬೂತಾಯಿ ಹಿಂದೆ ಹೆಚ್ಚಾಗಿ ಕೇರಳ ಮತ್ತು ನಮ್ಮ ಕರಾವಳಿಯದೇ ಮೀನಾಗಿತ್ತು, 1980ರ ದಶಕದಿಂದೀಚೆಗೆ ಪೂರ್ವ ಕರಾವಳಿಯಲ್ಲೂ ಉತ್ತರದ ಕಡಲಲ್ಲೂ ಹೇರಳವಾಗಿ ಸಿಗತೊಡಗಿತು. ಅದು ಇನ್ನೊಂದು ಕತೆ: ಹರವು ಬದಲಾದದ್ದು. ಬಂಗುಡೆಯದು ಮತ್ತೂ ಬೇರೆ. ಮೇಲುನೀರಿನ ಮೀನು ಎಂದೇ ಹೆಸರಾದ ಬಂಗುಡೆಯಲ್ಲಿ 1985–89ರ ಸುಮಾರಿಗೆ ತಳಕ್ಕೆ ಬಲೆ ಎಳೆಯುವ ಟ್ರಾಲ್ ಬೋಟುಗಳಿಗೆ ಸಿಗುತ್ತಿದ್ದದ್ದು ನೂರಕ್ಕೆ 2ರಷ್ಟು. 2003–07ರ ಹೊತ್ತಿಗೆ ಅದು 15ರಷ್ಟಾಯಿತು. ಮೇಲಿನ ನೀರು ಬಿಸಿಯಾದಂತೆ ಮೀನು ತಂಪು ಹುಡುಕಿ ಆಳಕ್ಕಿಳಿದಿದೆ ಎಂದು ವಿಜ್ಞಾನಿಗಳು ಅರ್ಥಮಾಡಿದ್ದಾರೆ. ದಡದ ಬಳಿ ಬಲೆ ಬೀಸುವವನಿಗೆ ಅದು ‘ಇಲ್ಲ’, ಟ್ರಾಲ್ ಬೋಟಿನವನಿಗೆ ‘ಇದೆ’.

ನಾನು ಕುಂದಾಪುರದ ಕಡೆಯವನು. ನಾಡದೋಣಿಗೆ ಹೋಗುತ್ತಿದ್ದ ನಮ್ಮ ದೊಡ್ಡಪ್ಪನ ಬಾಯಲ್ಲಿ ಮತ್ಸ್ಯಕ್ಷಾಮ ಎಂಬ ಮಾತನ್ನು ನಾನು ಕೇಳಿದ್ದೇ ಇಲ್ಲ. ‘ಮೀನ್ ಹೊರ್ಗ್ ಹೋಯ್ತ್’ ಅನ್ನುತ್ತಿದ್ದರು, ಅಂದರೆ ದಡ ಬಿಟ್ಟು ಆಳಕಡಲಿಗೆ. ‘ಅಡಿಗ್ ಹೋಯ್ತ್’ ಎಂದರೆ ತಳಕ್ಕೆ. ‘ಈ ಸರ್ತಿ ಮರಿಯೇ ಇಲ್ಲೆ’ ಎಂದಾಗ ಮಾತ್ರ ಅವರ ಮುಖದಲ್ಲಿ ನಿಜವಾದ ಚಿಂತೆ ಕಾಣುತ್ತಿತ್ತು. ಓದು ಬರಹ ಅಷ್ಟಾಗಿ ಇಲ್ಲದ ಮನುಷ್ಯ ಮೂರು ಬೇರೆ ಸಂಗತಿಗಳನ್ನು ಮೂರು ಬೇರೆ ಮಾತಿನಲ್ಲಿ ಹೇಳುತ್ತಿದ್ದರು. ಅಚ್ಚಿಗೆ ಬರುವಾಗ ಅವೆಲ್ಲ ಸೇರಿ ಒಂದು ಸಮಾಸವಾಗಿಬಿಟ್ಟಿವೆ. ಮರಿಮೀನನ್ನೂ ಬಿಡದೆ ಬಾಚಿ ಮೀನುಹಿಟ್ಟಿನ ಕಾರ್ಖಾನೆಗೆ ಕಳಿಸುವುದು ಕೂಡ ಈ ಸಮಾಸದೊಳಗೆ ಮರೆಯಾಗುತ್ತದೆ ಎಂಬುದು ನನಗೆ ಹೆಚ್ಚು ನೋವಿನ ವಿಷಯ.

ಇನ್ನೊಂದು ಮಾತು ಸೇರಿಸಬೇಕು. 2024ರ ಮಳೆಗಾಲದ ನಂತರ ಕೇರಳದ ತೀರದಲ್ಲಿ ಮತ್ತಿಯ ಮರಿಗಳು ರಾಶಿರಾಶಿ ಬಂದವು, ಆದರೆ ತಿನ್ನುವ ಬಾಯಿ ಹೆಚ್ಚಿ ಮೇವು ಸಾಲದೆ ಮೀನು ಬೆಳೆಯಲಿಲ್ಲ. ಕ್ಷಾಮ ಶಬ್ದದ ‘ಸೊರಗಿದ’ ಎಂಬ ಹಳೆಯ ಅರ್ಥ ಸರಿಯಾಗಿ ಹೊಂದುವುದು ಇಲ್ಲಿ! ಮೀನು ಹೇರಳವಾಗಿದ್ದ ಕಾರಣ ಯಾರೂ ಹಾಗೆ ಕರೆಯಲಿಲ್ಲ.

ಎರಡನೆಯ ಪ್ರಶ್ನೆ ‘ಅಪ್‌ವೆಲ್ಲಿಂಗ್’. ಮಳೆಗಾಲದಲ್ಲಿ ಕರಾವಳಿಗುಂಟ ಬೀಸುವ ಗಾಳಿಗೆ ಮೇಲಿನ ನೀರು ದಡದಿಂದ ದೂರ ಸರಿಯುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ನಿಧಾನವಾಗಿ ಏರುತ್ತದೆ. ಅದರೊಡನೆ ಬಂದ ಪೋಷಕಾಂಶಗಳಿಂದ ಡಯಾಟಂಗಳು, ಅಂದರೆ ಕಣ್ಣಿಗೆ ಕಾಣದ ಪಾಚಿಗಳು, ಹುಲುಸಾಗಿ ಬೆಳೆಯುತ್ತವೆ. ಬೂತಾಯಿಯ ಮೇವು ಮುಖ್ಯವಾಗಿ ಅದೇ. ಹಾಗೆಂದು ಇದು ಬರೀ ವರವಲ್ಲ. ಏರಿಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರಿಕೆ ಅತಿಯಾದರೆ ಮೀನೇ ಜಾಗ ಬಿಡುತ್ತದೆ.

ಇದಕ್ಕೆ ಕನ್ನಡದಲ್ಲಿ ಏನೆನ್ನೋಣ? ‘ಮೇಲೇಳುವಿಕೆ’ ಎಂದರೆ ಯಾರೋ ನಿದ್ದೆಯಿಂದ ಎದ್ದಂತೆ ಕೇಳುತ್ತದೆ. ‘ಉಕ್ಕು’ ಎಂದರೆ ಕುದಿ ನೆನಪಾಗುತ್ತದೆ, ಇದು ತಣ್ಣೀರು. ‘ಚಿಮ್ಮು’ ತೀರ ರಭಸದ್ದು. ನಮ್ಮಲ್ಲಿ ಬಳಕೆಯಲ್ಲಿರುವ ‘ತೂಫಾನ್’ ಬಗ್ಗೆ ಆಸೆಯಾಯಿತು. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ ಇದ್ದಾಗ ನಾಡದೋಣಿಯವರು ‘ಇನ್ನೂ ತೂಫಾನ್ ಆಗಿಲ್ಲ’ ಎಂದು ಕಾಯುತ್ತಾರೆ. ಒಳನಾಡಿನವರಿಗೆ ಆಶ್ಚರ್ಯವಾದೀತು, ಬಿರುಗಾಳಿಗಾಗಿ ಕಾಯುವುದೇ ಎಂದು. ಕಡಲು ಒಮ್ಮೆ ಬುಡಮೇಲಾಗಿ ಕಲಕಿದ ಮೇಲೆಯೇ ಮೀನು, ಸಿಗಡಿ ದಡಕ್ಕೆ ಬರುವುದು ಎಂಬುದು ಅವರ ಅನುಭವ. ಆದರೂ ತೂಫಾನ್ ಮೇಲಿನಿಂದ ಕಲಕುವುದು, ನಾಲ್ಕು ದಿನದ್ದು. ನಾನು ಹೇಳಬೇಕಾದದ್ದು ತಳದಿಂದ ಏರುವುದು, ತಿಂಗಳುಗಟ್ಟಲೆ ನಡೆಯುವುದು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಮಕ್ಕಳಿಗೆ ತಪ್ಪು ಕಲಿಸಿದಂತೆ.

ಸದ್ಯಕ್ಕೆ ‘ತಳದೊರತೆ’ ಎಂದು ಬರೆದುಕೊಂಡಿದ್ದೇನೆ. ಒರತೆ ತಂಪು, ನಿಧಾನ, ಕೆಳಗಿನಿಂದ ಬರುವುದು. ಒರತೆ ಎಂದರೆ ಸಿಹಿನೀರು ಅಲ್ಲವೇ ಎಂದು ಯಾರಾದರೂ ಆಕ್ಷೇಪಿಸಿದರೆ ನನ್ನ ಬಳಿ ಗಟ್ಟಿ ಉತ್ತರವಿಲ್ಲ.

ಇದರ ಜೊತೆಗಿನ ‘ಸ್ತರೀಕರಣ’ಕ್ಕೆ ‘ಪದರಗಟ್ಟುವುದು’ ಎಂದು ಬಳಸಿದ್ದೇನೆ, ಕೆನೆಗಟ್ಟು ಹೆಪ್ಪುಗಟ್ಟು ಎಂಬಂತೆ. ಬಿಸಿನೀರು ಹಗುರ, ಮೇಲೇ ನಿಲ್ಲುತ್ತದೆ, ಕೆಳಗಿನ ಸತ್ವ ಮೇಲೆ ಬರಲು ಬಿಡುವುದಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಶ್ಚಿಮ ಹಿಂದೂ ಮಹಾಸಾಗರದ ಸಸ್ಯಪ್ಲವಕಗಳು, ಅಂದರೆ ಡಯಾಟಂನಂಥ ತೇಲುವ ಸೂಕ್ಷ್ಮ ಪಾಚಿಗಳು, ಆರು ದಶಕಗಳಲ್ಲಿ ನೂರಕ್ಕೆ 20ರವರೆಗೂ ಕುಗ್ಗಿರಬಹುದೆಂದು ಹೇಳಲು ಮುಖ್ಯ ಕಾರಣ ಇದೇ. ಈ ಪದಕ್ಕೆ ಬದಲಿ ಬೇಕೆನಿಸಿಲ್ಲ.

ಮೂರನೆಯದು ‘ಆಹಾರ ಸರಪಳಿ’. ಶಾಲೆಯಲ್ಲಿ ನಾವೆಲ್ಲ ಕಲಿತದ್ದು: ಡಯಾಟಂ, ಅದನ್ನು ತಿನ್ನುವ ಬೂತಾಯಿ, ಅದನ್ನು ತಿನ್ನುವ ಅಂಜಲ್. ಸರಪಳಿಯ ಒಂದು ಕೊಂಡಿ ಕಳಚಿದರೆ ಎಲ್ಲ ಮುಗಿಯಿತು. ಕಡಲಲ್ಲಿ ಹಾಗಾಗುವುದಿಲ್ಲ. 2020ರ ಕೊನೆಯಲ್ಲಿ ನಮ್ಮ ಕರಾವಳಿಯ ಕೆಲವೆಡೆ ರಾತ್ರಿ ತೆರೆಗಳು ನೀಲಿಯಾಗಿ ಹೊಳೆದವಲ್ಲ, ಅದು ನೊಕ್ಟಿಲೂಕ ಎಂಬ ಸೂಕ್ಷ್ಮಜೀವಿಯ ಬೆಳಕು. ಉತ್ತರ ಅರಬ್ಬಿ ಸಮುದ್ರದಲ್ಲಿ 2000ದ ದಶಕದಿಂದ ಚಳಿಗಾಲದ ಡಯಾಟಂಗಳ ಜಾಗವನ್ನು ಇದು ಹಿಡಿಯುತ್ತ ಬಂದಿದೆ. ಇದನ್ನು ಮೇಯುವುದು ಹೆಚ್ಚಾಗಿ ಲೋಳೆಮೀನಿನಂಥವು. ಕೊಂಡಿ ಕಳಚಲಿಲ್ಲ, ಅನ್ನ ಬೇರೆ ದಾರಿ ಹಿಡಿದು ಬೂತಾಯಿಯನ್ನು ಬಿಟ್ಟು ಹೋಯಿತು. ಇದಕ್ಕೆ ‘ಆಹಾರ ಜಾಲ’ ಸರಿ, ಪಠ್ಯದಲ್ಲೂ ಇದೆ. ಅಚ್ಚಗನ್ನಡ ಎಂದು ‘ಆಹಾರಬಲೆ’ ಮಾಡಿದರೆ ಮೀನುಗಾರರ ಮನೆಯ ಮಕ್ಕಳು ಮೀನು ಹಿಡಿಯುವ ರಂಪಣಿ ಬಲೆಯ ಸಾಲಿಗೆ ಸೇರಿಸಿ ಓದಿಯಾರು, ಆದ್ದರಿಂದ ಬೇಡವೆಂದಿದ್ದೇನೆ.

ಕೊನೆಗೆ ಒಂದು ಹೆಸರಿನ ಮೂಲ ಬೇಕಾಗಿದೆ. ಮಲ್ಪೆ, ಮಂಗಳೂರು ಕಡೆ ರಾಶಿ ರಾಶಿ ಬಂದು ಬೋಟಿನವರ ತಲೆ ತಿನ್ನುವ ಗಟ್ಟಿ ಚರ್ಮದ, ಕೆಂಪು ಹಲ್ಲಿನ ಮೀನಿಗೆ ‘ಕಾರ್ಗಿಲ್’ ಎನ್ನುತ್ತಾರೆ. 1999ರ ಯುದ್ಧದ ಸಮಯಕ್ಕೆ ಕಾಣಿಸಿಕೊಂಡದ್ದರಿಂದ ಆ ಹೆಸರು ಎಂದು ಕೆಲವರ ಹೇಳಿಕೆ. ಅದಕ್ಕೂ ಮೊದಲು ಆ ಮೀನಿಗೆ ತುಳುವಿನಲ್ಲೋ ಕೊಂಕಣಿಯಲ್ಲೋ ಹೆಸರಿತ್ತೆ? ಇದ್ದರೆ ಅದು ಹೊಸ ಮೀನಲ್ಲ, ಹೆಚ್ಚಿದ ಹಳೆಯ ಮೀನು, ಮತ್ತು ನನ್ನ ಒಂದು ಪುಟವನ್ನು ತಿದ್ದಬೇಕಾಗುತ್ತದೆ.

ಭಟ್ಕಳ, ಹೊನ್ನಾವರ, ಕಾರವಾರದ ಕಡೆಯವರು ದಯವಿಟ್ಟು ಬರೆಯಿರಿ: ನಿಮ್ಮಲ್ಲಿ ತೂಫಾನಿಗೆ ಏನೆನ್ನುತ್ತಾರೆ, ಮಳೆಗಾಲದಲ್ಲಿ ಕಡಲನೀರು ಇದ್ದಕ್ಕಿದ್ದಂತೆ ತಣ್ಣಗಾದರೆ ಅದಕ್ಕೆ ಹೆಸರುಂಟೆ? ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೇಳಿ, ಅವರು ಹೇಳಿದ ಉಚ್ಚಾರದಲ್ಲೇ ಬರೆದು ಕಳಿಸಿ.