ಪೈಗೇಮ್: ಗುಂಡು ಕೊಟ್ಟ ಕೋನದಲ್ಲಿ ಹೋಗುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪೈಗೇಮ್‌ನಲ್ಲಿ (ಆಟ ಬರೆಯಲು ಇರುವ ಪೈಥಾನ್ ಲೈಬ್ರರಿ) ಒಂದು ಚಿಕ್ಕ ಶೂಟಿಂಗ್ ಆಟ ಬರೆಯುತ್ತಿದ್ದೇನೆ. ಗುಂಡನ್ನು ಅಡ್ಡಕ್ಕೆ, ಮೇಲಕ್ಕೆ ಓಡಿಸುವುದು ಸುಲಭವಾಗಿ ಆಯಿತು. ಓರೆಯಾಗಿ ಓಡಿಸಲು ಹೋದರೆ ತೊಂದರೆ. ಪ್ರತಿ ಫ್ರೇಮ್‌ನಲ್ಲೂ (ಪರದೆಯ ಚಿತ್ರ ಹೊಸದಾಗುವ ಪ್ರತಿ ಸಲವೂ) ಹೀಗೆ ಮಾಡುತ್ತೇನೆ, ರೆಕ್ಟ್ ಅಂದರೆ ಗುಂಡಿನ ಜಾಗ ಇಟ್ಟುಕೊಳ್ಳುವ ಪೈಗೇಮ್‌ನ ಆಯತ:

ರೆಕ್ಟ್.ಎಕ್ಸ್ += ವೇಗ * ಕಾಸ್(ಕೋನ)
ರೆಕ್ಟ್.ವೈ += ವೇಗ * ಸೈನ್(ಕೋನ)

ವೇಗ 5. ಕೋನ 0 ಕೊಟ್ಟರೆ ಸರಿಯಾಗಿ ಬಲಕ್ಕೆ ಹೋಗುತ್ತದೆ. 90 ಕೊಟ್ಟರೆ ನೇರ ಮೇಲೆ ಹೋಗಬೇಕು ಅಲ್ವಾ? ಎಡಕ್ಕೆ ವಾಲಿಕೊಂಡು ಕೆಳಗೆ ಹೋಗುತ್ತದೆ. 30 ಕೊಟ್ಟರೆ ನೇರ ಮೇಲಕ್ಕೆ! ಸೂತ್ರ ಮತ್ತೆ ಮತ್ತೆ ನೋಡಿದೆ, ಸರಿಯಾಗಿಯೇ ಇದೆ. ಎಲ್ಲಿ ಹುಡುಕಲಿ?

ಉತ್ತರ

ಸೂತ್ರ ಸರಿ ಇದೆ, ಅಳತೆ ಬೇರೆ ಆಗಿದೆ. ಪೈಥಾನ್‌ನ ಸೈನ್, ಕಾಸ್ ಎರಡಕ್ಕೂ ಕೋನವನ್ನು ರೇಡಿಯನ್‌ನಲ್ಲಿ ಕೊಡಬೇಕು. 180 ಡಿಗ್ರಿ ಅಂದರೆ ಪೈ ರೇಡಿಯನ್, ಸುಮಾರು 3.14. ನೀವು ಕೊಟ್ಟ 90 ಅನ್ನು ಅದು 90 ರೇಡಿಯನ್ ಅಂತ ಓದುತ್ತದೆ. ಹದಿನಾಲ್ಕು ಸುತ್ತು ಹಾಕಿ ಮುಂದೆ ಎಲ್ಲೋ ನಿಲ್ಲುತ್ತದೆ. ಅಲ್ಲಿ ಕಾಸ್ -0.45, ಸೈನ್ 0.89. ಎಡಕ್ಕೆ ಸ್ವಲ್ಪ, ಕೆಳಕ್ಕೆ ಜಾಸ್ತಿ. ನಿಮಗೆ ಕಂಡದ್ದೂ ಅದೇ. ಸೊನ್ನೆ ಮಾತ್ರ ಎರಡು ಅಳತೆಯಲ್ಲೂ ಸೊನ್ನೆಯೇ, ಹಾಗಾಗಿ ಅದೊಂದು ಸರಿಯಾಗಿ ಬಂತು.

ಮ್ಯಾತ್.ರೇಡಿಯನ್ಸ್(ಕೋನ) ಅಂತ ಬದಲಿಸಿಕೊಂಡು ಅದನ್ನು ಕಾಸ್, ಸೈನ್‌ಗೆ ಕೊಡಿ. ಜೊತೆಗೆ, ಪರದೆಯಲ್ಲಿ ವೈ ಕೆಳಗೆ ಹೋದಷ್ಟೂ ಹೆಚ್ಚುತ್ತದೆ, ಶಾಲೆಯ ಗ್ರಾಫ್‌ಗೆ ಉಲ್ಟಾ. ವೈ ಸಾಲಿನಲ್ಲಿ += ತೆಗೆದು -= ಹಾಕಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್! 90 ಈಗ ನೇರ ಮೇಲಕ್ಕೆ ಹೋಗುತ್ತದೆ. ಆದರೆ 10 ಡಿಗ್ರಿ ಕೊಟ್ಟರೆ ಬೇಕಾದ್ದಕ್ಕಿಂತ ಜಾಸ್ತಿ ಏರುತ್ತದೆ. -10 ಕೊಟ್ಟರೆ ಒಂಚೂರೂ ಇಳಿಯುವುದಿಲ್ಲ, ಗೆರೆ ಎಳೆದ ಹಾಗೆ ಅಡ್ಡಕ್ಕೆ ಹೋಗುತ್ತದೆ. ಕೋನ ಪ್ರಿಂಟ್ ಮಾಡಿ ನೋಡಿದೆ, ಸರಿಯಾಗಿದೆ.

ಉತ್ತರ

ಕೋನ ಬಿಡಿ, ರೆಕ್ಟ್.ಎಕ್ಸ್, ರೆಕ್ಟ್.ವೈ ಎರಡನ್ನೂ ಪ್ರಿಂಟ್ ಮಾಡಿ. ಎಲ್ಲಾ ಪೂರ್ಣ ಸಂಖ್ಯೆಗಳೇ ಬರುತ್ತವೆ. ರೆಕ್ಟ್ ಒಳಗೆ ದಶಮಾಂಶ ಉಳಿಯುವುದಿಲ್ಲ, ಚುಕ್ಕೆಯ ಮುಂದಿನದ್ದನ್ನು ಕತ್ತರಿಸಿಬಿಡುತ್ತದೆ.

ನಿಮ್ಮ ಲೆಕ್ಕವನ್ನೇ ಹಾಕೋಣ. 10 ಡಿಗ್ರಿಗೆ ಸೈನ್ 0.174. ಐದರಿಂದ ಗುಣಿಸಿದರೆ ಫ್ರೇಮ್‌ಗೆ 0.87 ಪಿಕ್ಸೆಲ್. ಗುಂಡು 300ರಲ್ಲಿದೆ ಅಂದುಕೊಳ್ಳಿ. ಕೆಳಗೆ ಹೋಗುವಾಗ 300.87 ಆಗುತ್ತದೆ, ಕತ್ತರಿಸಿದರೆ ಮತ್ತೆ 300. ಮುಂದಿನ ಫ್ರೇಮ್‌ನಲ್ಲೂ ಅದೇ ಕಥೆ. ಹತ್ತು ಫ್ರೇಮ್‌ಗೆ 8.7 ಪಿಕ್ಸೆಲ್ ಇಳಿಯಬೇಕಾದ ಗುಂಡು ಒಂದು ಪಿಕ್ಸೆಲ್ ಕೂಡ ಇಳಿಯುವುದಿಲ್ಲ. ಮೇಲೆ ಹೋಗುವಾಗ 299.13, ಕತ್ತರಿಸಿದರೆ 299. ಪೂರ್ತಿ ಒಂದು ಪಿಕ್ಸೆಲ್ ಏರಿತು. ಅತ್ತ ಬಲಕ್ಕೆ 4.92 ಹೋಗಬೇಕಾದ್ದು 4 ಮಾತ್ರ ಹೋಗುತ್ತದೆ. ನಾಲ್ಕಕ್ಕೆ ಒಂದು ಅಂದರೆ 14 ಡಿಗ್ರಿ. 10 ಕೊಟ್ಟರೂ ಜಾಸ್ತಿ ಏರುವುದು ಅದಕ್ಕೇ.

ನನ್ನ ಪ್ರಕಾರ ಇದು ರೇಡಿಯನ್ ತಪ್ಪಿಗಿಂತ ಕೆಟ್ಟದ್ದು. ಆ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಇದು ಎಷ್ಟೋ ಕೋನಗಳಲ್ಲಿ ಸರಿ ಇದ್ದಂತೆಯೇ ಕಾಣುತ್ತದೆ. ವೇಗ ಕಡಿಮೆ ಮಾಡಿದಷ್ಟೂ ದೊಡ್ಡದಾಗುತ್ತದೆ. ವೇಗ 0.9 ಇಟ್ಟರೆ ಬಲಕ್ಕೆ ಚಲನೆಯೇ ಇರುವುದಿಲ್ಲ, ಎಡಕ್ಕೆ ಮಾತ್ರ ಓಡುತ್ತದೆ.

ಗುಂಡಿನ ಜಾಗವನ್ನು ನಿಮ್ಮದೇ ದಶಮಾಂಶ ವೇರಿಯಬಲ್‌ಗಳಲ್ಲಿ ಇಡಿ. ಎಲ್ಲಾ ಕೂಡುವುದು, ಕಳೆಯುವುದು ಅಲ್ಲೇ ಆಗಲಿ. ರೆಕ್ಟ್‌ಗೆ ಕೊನೆಯಲ್ಲಿ ನಕಲು ಮಾಡಿ (ಡಿಎಕ್ಸ್ ಅಂದರೆ ವೇಗ * ಕಾಸ್, ಡಿವೈ ಅಂದರೆ ವೇಗ * ಸೈನ್):

ಎಕ್ಸ್ += ಡಿಎಕ್ಸ್
ವೈ -= ಡಿವೈ
ರೆಕ್ಟ್.ಸೆಂಟರ್ = (ರೌಂಡ್(ಎಕ್ಸ್), ರೌಂಡ್(ವೈ))

ರೆಕ್ಟ್‌ನಿಂದ ಎಕ್ಸ್, ವೈಗೆ ವಾಪಸ್ ಓದಬೇಡಿ, ಓದಿದರೆ ಮತ್ತೆ ದಶಮಾಂಶ ಹೋಯಿತು. ಡಿಎಕ್ಸ್, ಡಿವೈ ಎರಡನ್ನೂ ಗುಂಡು ಹಾರಿಸುವಾಗ ಒಮ್ಮೆ ಲೆಕ್ಕ ಹಾಕಿದರೆ ಸಾಕು. ದಿಕ್ಕು ಬದಲಾಗದ ಗುಂಡಿಗೆ ಪ್ರತಿ ಫ್ರೇಮ್‌ನಲ್ಲಿ ಸುಮ್ನೆ ಸೈನ್ ಕೇಳುವುದು ಯಾಕೆ?

ಪ್ರಶ್ನೆ ಕೇಳಿದವರು

ಸರಿಹೋಯಿತು! ಈಗ 10, -10 ಎರಡೂ ಒಂದೇ ಥರ ಹೋಗುತ್ತವೆ. ಮುಂದೆ ಮೌಸ್ ಇರುವ ಕಡೆಗೆ ಗುಂಡು ಬಿಡಬೇಕು. ಅದಕ್ಕೆ ಕೋನ ಹೇಗೆ ಕಂಡುಹಿಡಿಯುವುದು?

ಇನ್ನೊಬ್ಬರ ಉತ್ತರ

ಗುಂಡು ಓಡಿಸಲು ಕೋನವೇ ಬೇಡ. ಮೌಸ್‌ನ ಎಕ್ಸ್, ವೈನಿಂದ ಗುಂಡಿನ ಎಕ್ಸ್, ವೈ ಕಳೆಯಿರಿ. ಮ್ಯಾತ್.ಹೈಪಾಟ್‌ನಿಂದ ದೂರ ತೆಗೆಯಿರಿ. ಎರಡೂ ವ್ಯತ್ಯಾಸಗಳನ್ನು ಆ ದೂರದಿಂದ ಭಾಗಿಸಿ ವೇಗದಿಂದ ಗುಣಿಸಿ. ಹೀಗೆ ಬಂದ ಡಿವೈ ಆಗಲೇ ಪರದೆಯ ದಿಕ್ಕಿನಲ್ಲಿರುತ್ತದೆ, ಆದ್ದರಿಂದ ಇಲ್ಲಿ ಮಾತ್ರ ವೈಗೆ ಕೂಡಬೇಕು. ಚಿತ್ರವನ್ನೂ ತಿರುಗಿಸಬೇಕಾದರೆ ಆಗ ಆ ವ್ಯತ್ಯಾಸಗಳಿಂದ ಕೋನ ಕೊಡುವ ಮ್ಯಾತ್.ಏಟ್ಯಾನ್2 ಬೇಕು. ಅದಕ್ಕೆ ಮೊದಲು ವೈ, ಆಮೇಲೆ ಎಕ್ಸ್ ಕೊಡಬೇಕು.

ಮೌಸ್ ಸರಿಯಾಗಿ ಗುಂಡಿನ ಮೇಲೆಯೇ ಇದ್ದರೆ ದೂರ ಸೊನ್ನೆ. ಸೊನ್ನೆಯಿಂದ ಭಾಗಿಸಲು ಹೋಗಿ ಆಟ ಅಲ್ಲೇ ನಿಂತುಬಿಡುತ್ತದೆ. ಭಾಗಿಸುವ ಮುಂಚೆ ಒಂದು ಇಫ್ ಹಾಕಿ.