ಪದ ಬೇಕು: ಗರ್ಭಕೋಶದ ಮಯೋಸಿನ್ 'ಚಾಲಕ'ವೇ?

ಗೆಳೆಯರೇ, ಹೆರಿಗೆ ವಾರ್ಡಿನ ಗೋಡೆಗೆ ಹಾಕುವ ಚಿತ್ರಪಟ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ಇಂಗ್ಲಿಷಿನಲ್ಲಿ ಸ್ನಾಯುವನ್ನು ಬಿಗಿಸುವ ಮಯೋಸಿನ್ನನ್ನು 'ಮೋಟಾರ್ ಪ್ರೋಟೀನ್' ಎಂದಿದ್ದಾರೆ. ನಾನು 'ಮೃದು ಸ್ನಾಯುವಿನ ಚಾಲಕ ಪ್ರೋಟೀನ್' ಎಂದು ಬರೆದೆ. ಓದಿದ ನರ್ಸ್ 'ಚಾಲಕ ಅಂದ್ರೆ ಡ್ರೈವರ್ ಅಲ್ವಾ?' ಅಂದರು. ಬೇರೆ ಪದ ಇದೆಯಾ?

ಉತ್ತರ:
ಚಾಲಕ ಬೇಡವೇ ಬೇಡ. ಈ ಸ್ನಾಯುವಿನಲ್ಲಿ ಮಯೋಸಿನ್‌ಗೆ ಫಾಸ್ಫೇಟ್ ಅಂಟಿದ ಮೇಲೇ ಕೆಲಸ ಶುರು. ಆಮೇಲೆ ಅದು ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಯನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತದೆ. ಬಾವಿ ಹಗ್ಗ ಸೇದುವ ಹಾಗೆ. 'ಸೇದುವ ಪ್ರೋಟೀನ್' ಅನ್ನಿ.

'ಮೃದು' ಇನ್ನೂ ದೊಡ್ಡ ತಪ್ಪು. ಸೂಕ್ಷ್ಮದರ್ಶಕದಲ್ಲಿ ಕೈಕಾಲಿನ ಸ್ನಾಯುವಿಗೆ ಅಡ್ಡಪಟ್ಟೆ ಕಾಣುತ್ತದೆ. ಗರ್ಭಕೋಶ, ಕರುಳು, ರಕ್ತನಾಳದ ಸ್ನಾಯುವಿಗೆ ಪಟ್ಟೆ ಇಲ್ಲ. ಇಂಗ್ಲಿಷಿನವರು 'ಸ್ಮೂತ್', ಅಂದರೆ ನುಣುಪು, ಅಂದದ್ದು ಅಷ್ಟಕ್ಕೇ. ಬೇನೆ ಬಂದಾಗ ಹೊಟ್ಟೆ ಮುಟ್ಟಿ ನೋಡಿ, ಕಲ್ಲಿನ ಹಾಗೆ ಬಿಗಿದಿರುತ್ತದೆ. 'ಪಟ್ಟೆಯಿಲ್ಲದ ಸ್ನಾಯು' ಎಂದು ಬರೆಯಿರಿ.

ಇನ್ನೊಬ್ಬರು:
'ಸೇದು' ಅಂದರೆ ಬೀಡಿ ನೆನಪಾಗುತ್ತದೆ. ಅದಿರಲಿ, 'ಸ್ನಾಯು' ಎಂಬ ಪದವನ್ನೇ ಯಾರೂ ಪ್ರಶ್ನಿಸುವುದಿಲ್ಲವಲ್ಲ! ಸಂಸ್ಕೃತದಿಂದ ಸಾಲ ತಂದದ್ದೂ ತಪ್ಪಾಗಿ. ಸುಶ್ರುತ ಸಂಹಿತೆಯಲ್ಲಿ ಪೇಶಿ 500, ಸ್ನಾಯು 900, ಎರಡೂ ಬೇರೆ ಬೇರೆ. ಅಲ್ಲಿ ಪೇಶಿ ಅಂದರೆ ಮಾಂಸಖಂಡ, ಸ್ನಾಯು ಅಂದರೆ ಕೀಲು ಕಟ್ಟುವ ನಾರು. ನಮ್ಮದೇ 'ಕಂಡ' ಇರುವಾಗ ಇದೆಲ್ಲ ಯಾಕೆ? ಮಯೋಸಿನ್‌ಗೂ 'ಬಿಗಿಕ' ಅನ್ನಬಹುದು. ಜರ್ಮನಿಯ ವಿಜ್ಞಾನಿ ಕೂನೆ 1864ರಲ್ಲಿ ಗ್ರೀಕ್ ಬೇರು ಹಿಡಿದು ಮಯೋಸಿನ್ ಎಂಬ ಪದ ಕಟ್ಟಿದ. ನಾವು ಕಟ್ಟಬಾರದಾ?

ಮೊದಲಿನವರು:
ಕಟ್ಟಿ, ಪುಸ್ತಕದಲ್ಲಿ. ನೋವು ತಿನ್ನುತ್ತಾ ಮಲಗಿದವಳು ಓದುವ ಗೋಡೆಯ ಮೇಲೆ ಬೇಡ. ಇನ್ಸುಲಿನ್ ಹಳ್ಳಿಹಳ್ಳಿಯಲ್ಲೂ ಇನ್ಸುಲಿನ್ನೇ. ಮಯೋಸಿನ್ ಒಂದು ಹೆಸರು, ಹಾಗೇ ಇರಲಿ. ಅದು ಮಾಡುವ ಕೆಲಸವನ್ನು ಕನ್ನಡದಲ್ಲಿ ಹೇಳಿದರೆ ಸಾಕು. ಬೀಡಿ ಸೇದುವವರೂ ನೀರು ಸೇದಿದವರೇ, ಯಾರಿಗೂ ಗೊಂದಲ ಆಗುವುದಿಲ್ಲ.

ಕೇಳಿದವನು:
ಇಬ್ಬರಿಗೂ ವಂದನೆ. ಹೀಗೆ ಕಳಿಸುತ್ತಿದ್ದೇನೆ: 'ಬೇನೆ ಬಂದಾಗ ಗರ್ಭಕೋಶದ ಪಟ್ಟೆಯಿಲ್ಲದ ಸ್ನಾಯು ಬಿಗಿಯುತ್ತದೆ. ಅದರೊಳಗೆ ಮಯೋಸಿನ್ ಎಂಬ ಪ್ರೋಟೀನ್ ಸಣ್ಣ ಎಳೆಗಳನ್ನು ಹಗ್ಗದ ಹಾಗೆ ಸೇದುತ್ತದೆ.' ನರ್ಸಿಗೆ ಫೋನಿನಲ್ಲಿ ಓದಿ ಹೇಳಿದೆ. ಈ ಸಲ ಏನೂ ಕೇಳಲಿಲ್ಲ, 'ಅಕ್ಷರ ದೊಡ್ಡದಾಗಿ ಹಾಕಿಸಿ' ಅಂದರು.

ಎರಡನೆಯವರು:
'ಸ್ನಾಯು' ಇನ್ನೂ ಅಲ್ಲೇ ಇದೆ. ತಪ್ಪು ತಪ್ಪೇ.